ಮೈಕಿನವನ ಗಂಟಲು

26 ಮೇ 2006, ಶುಕ್ರವಾರ

ಇವತ್ತು ಬೆಳಗ್ಗಿಂದ ಸಂಜೆಯವರೆಗೆ ನನ್ನ ಕಾಯಿಲೆಯ ಹೆಸರನ್ನೇ ಮೈಕಿನಲ್ಲಿ ಕೂಗಿದೆ. ಕೊಪ್ಪದ ಪೇಟೆಯಲ್ಲಿ, ಬಾಳಗಡಿಯ ಕಾಲೇಜಿನ ಎದುರಿಗೆ, ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ. "ಬಂಧುಗಳೇ, ಬರುವ ಭಾನುವಾರ ಕೊಪ್ಪದಲ್ಲಿ ಉಚಿತ ಚರ್ಮರೋಗ ತಪಾಸಣಾ ಶಿಬಿರ. ತುರಿಕೆ, ಇಸುಬು, ತೊನ್ನು, ಸೋರಿಯಾಸಿಸ್, ಯಾವುದೇ ತೊಂದರೆ ಇದ್ದರೂ ಸಂಕೋಚ ಬಿಟ್ಟು ಬನ್ನಿ." ಸಂಕೋಚ ಬಿಟ್ಟು ಎನ್ನುವ ಮಾತು ಅವರು ಕೊಟ್ಟ ಚೀಟಿಯಲ್ಲಿ ಇರಲಿಲ್ಲ. ನಾನೇ ಸೇರಿಸಿದೆ. ಯಾಕೆ ಸೇರಿಸಿದೆನೋ. ಉದ್ದ ತೋಳಿನ ಅಂಗಿಗೆ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು, ಓಮ್ನಿಯ ಕಪ್ಪು ಗಾಜಿನ ಹಿಂದೆ ಕೂತವನು ಹೇಳುವ ಮಾತಾ ಅದು?

ಧರ್ಮೇಶ್ ಓಡಿಸುತ್ತಾನೆ, ನಾನು ಕೂಗುತ್ತೇನೆ. ಓಮ್ನಿ ಅವನದು, ಆಂಪ್ಲಿಫೈಯರೂ ಮೇಲಿನ ಹಾರ್ನುಗಳೂ ನನ್ನವು. ಮೂರು ತಾಲ್ಲೂಕಿನಲ್ಲಿ ನನ್ನ ಧ್ವನಿ ಗೊತ್ತಿಲ್ಲದವರು ಕಡಿಮೆ, ಮುಖ ಗೊತ್ತಿರುವವರು ಇನ್ನೂ ಕಡಿಮೆ. ಅದೇ ನನಗೆ ಅನುಕೂಲ. ಮಗಳು ನಿಶ್ಚಿತಾ ಹುಟ್ಟುವ ಮುಂಚಿನ ವರ್ಷ ಮೊಣಕೈಯಲ್ಲಿ ಶುರುವಾದದ್ದು ಈಗ ಮೊಣಕಾಲು, ಬೆನ್ನು, ತಲೆಯ ಹಿಂಭಾಗಕ್ಕೆಲ್ಲ ಬಂದಿದೆ. ಕೆಂಪು ಕಲೆ, ಅದರ ಮೇಲೆ ಬೆಳ್ಳನೆಯ ಹೊಟ್ಟು. ಎಲ್ಲಿ ಕೂತು ಎದ್ದರೂ ಕೂತ ಜಾಗವನ್ನು ಕೊಡವಿ ಏಳಬೇಕು.

ಸಂಜೆ ಮನೆ ಹತ್ತಿರ ಇಳಿಯುವಾಗ ಧರ್ಮೇಶ್ ಹೇಳಿದ: "ಭಾನುವಾರ ಒಂದ್ಸಲ ಹೋಗಿ ತೋರ್ಸಿ ಬರದಲ್ವಾ ಅಣ್ಣ?"

"ಯಾರು?"

"ನೀವು."

"ನಂಗೆಂತಕ್ಕೆ?"

"ಹಿಂದಿನ ಸೀಟು ದಿನಾ ಒರ್ಸದು ನಾನೇ ಅಲ್ವಾ" ಅಂದ. ಅಂದು, ಗಾಡಿ ತಿರುಗಿಸಿಕೊಂಡು ಹೋದ.

ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

28 ಮೇ, ಭಾನುವಾರ

ಹೋದೆ. ಶಿಬಿರ ಮುಗಿದು ಬೆಂಚುಗಳನ್ನು ಎತ್ತಿಡುವ ಹೊತ್ತಿಗೆ ಹೋದೆ. ನಾನು ವಾಪಸು ಓಡದ ಹಾಗೆ ಧರ್ಮೇಶ್ ಬಾಗಿಲಲ್ಲೇ ನಿಂತಿದ್ದ.

ಡಾಕ್ಟರು ಹೆಂಗಸು, ಅರ್ಪಣಾ ಅಂತ. ಇಲ್ಲಿಯವರೇ, ಓದು ಮುಗಿಸಿ ಬಂದು ಬಾಳಗಡಿಯಲ್ಲಿ ಚರ್ಮದ ಕ್ಲಿನಿಕ್ಕು ತೆರೆದಿದ್ದಾರೆ. ನಾನು ಹೆಸರು ಹೇಳಿದ್ದೇ ತಲೆ ಎತ್ತಿ ನೋಡಿದರು.

"ಷಡಕ್ಷರಿ ಅಂದ್ರೆ ಮೈಕಲ್ಲಿ ಕೂಗೋರು ನೀವಾ? ಊರವರನ್ನೆಲ್ಲ ಸಂಕೋಚ ಬಿಟ್ಟು ಬನ್ನಿ ಅಂದು ನೀವೇ ಕೊನೇಲಿ ಬಂದ್ರಲ್ಲ."

ಅಂಗಿ ಬಿಚ್ಚಿಸಿದರು. ಕೈಗೆ ಗ್ಲೌಸು ಹಾಕಿಕೊಳ್ಳಲಿಲ್ಲ. ಬರಿ ಬೆರಳಿನಿಂದ ಮೊಣಕೈ ಮುಟ್ಟಿ, ಹೊಟ್ಟನ್ನು ಸ್ವಲ್ಪ ಕೆರೆದು ನೋಡಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ಮತ್ತೆ ಹಿಡಿದುಕೊಂಡರು.

"ಸೋರಿಯಾಸಿಸ್. ಇದು ಅಂಟೋದಿಲ್ಲ. ಮೊದ್ಲೂ ಯಾರಾದ್ರೂ ಹೇಳಿರ್ಬೇಕು ನಿಮಗೆ."

ಹೇಳಿದ್ದರು. ಹೇಳಿದ ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ ಮುಲಾಮು ಬರೆದಿದ್ದರು. ಮುಟ್ಟದೆ ಹೇಳಿದ್ದನ್ನು ಹೇಗೆ ನಂಬುವುದು?

ಆಮೇಲೆ ಅವರು ಕೇಳಿದ್ದು ಮೈ ವಿಷಯವೇ ಅಲ್ಲ, ಗಂಟಲಿನ ವಿಷಯ. ಗಂಟಲು ನೋವು ಬರುತ್ತದಾ? ಜ್ವರದ ಜೊತೆ ಬರುತ್ತದಾ? ಬಂದು ಹೋಗಿ ಎರಡು ಮೂರು ವಾರಕ್ಕೆ ಮೈಮೇಲೆ ಹೆಚ್ಚಾಗುತ್ತದಾ? ನಾನು ಯಾವತ್ತೂ ಗಮನಿಸಿರಲಿಲ್ಲ. ದಿನವಿಡೀ ಕೂಗುವವನಿಗೆ ಗಂಟಲು ನೋಯುವುದು ವಿಶೇಷವಲ್ಲ. ಆದರೆ ಯೋಚಿಸುತ್ತ ಹೋದ ಹಾಗೆ ಒಂದೊಂದೇ ನೆನಪಾಯಿತು. ಮೊದಲ ಸಲ ಮೊಣಕೈಯಲ್ಲಿ ಕಂಡದ್ದು ಗಂಟಲು ಬಾತು ಎಂಜಲೂ ನುಂಗಲಾಗದೆ ಮಲಗಿ ಎದ್ದ ಮೇಲೆಯೇ. ಹೋದ ವರ್ಷ ಬೆನ್ನಿಗೆ ಹರಡಿದ್ದೂ ಹಾಗೆಯೇ.

"ಬಾಯಿ ತೆಗೀರಿ" ಅಂದು ಟಾರ್ಚು ಬಿಟ್ಟು ನೋಡಿದರು. "ಟಾನ್ಸಿಲ್ ನೋಡಿ, ನೆಲ್ಲಿಕಾಯಿ ಹಂಗಿದೆ."

"ಅಂದ್ರೆ ಇದು ಗಂಟಲಿನ ಕ್ರಿಮಿಯಿಂದ ಬಂದದ್ದಾ ಮೇಡಂ?"

"ಇರ್ಬಹುದು."

"ಹಂಗಾದ್ರೆ ಕ್ರಿಮಿ ಚರ್ಮದಲ್ಲಿ ಇದೆಯಾ?"

"ಇಲ್ಲ. ಅದು ಗಂಟಲು ಬಿಟ್ಟು ಚರ್ಮಕ್ಕೆ ಬಂದು ಕೂರೋದಿಲ್ಲ." ಸ್ವಲ್ಪ ಯೋಚಿಸಿದರು. "ಪೊಲೀಸರು ನಾಗಪ್ಪ ಅನ್ನೋ ಕಳ್ಳನ್ನ ಹುಡುಕ್ಕೊಂಡು ಊರಿಗೆ ಬರ್ತಾರೆ ಅಂತಿಟ್ಕೊಳಿ. ಸಂತೇಲಿ ಯಾರೋ ಪಾಪದ ನಾಗಪ್ಪ ಸಿಕ್ತಾನೆ. ಮುಖಾನೂ ಸುಮಾರು ಹಂಗೇ ಇದೆ. ಹಿಡಿದು ಬಡೀತಾರೆ. ಕಳ್ಳ ನಾಗಪ್ಪ ಗಂಟಲಲ್ಲಿರೋ ಬ್ಯಾಕ್ಟೀರಿಯಾ. ಪಾಪದ ನಾಗಪ್ಪ ನಿಮ್ಮ ಚರ್ಮ. ಪೊಲೀಸರು ನಿಮ್ಮ ರಕ್ತದಲ್ಲೇ ಇರೋರು. ಹೀಗಿರ್ಬಹುದು ಅಂತ ಹೇಳ್ತಾರೆ. ಪೂರ್ತಿ ಯಾರಿಗೂ ಗೊತ್ತಾಗಿಲ್ಲ."

ರಕ್ತ ಪರೀಕ್ಷೆಗೆ ಬರೆದು ಕೊಟ್ಟರು. ಹಚ್ಚಲು ಎಣ್ಣೆಯಂಥ ಕಪ್ಪು ಮುಲಾಮು ಕೊಟ್ಟರು.

ಮನೆಗೆ ಬಂದು ಹೆಂಡತಿ ನಯನಳಿಗೆ ನಾಗಪ್ಪನ ಕಥೆ ಹೇಳಿದೆ. ಅವಳು ಅಂಗನವಾಡಿ ಟೀಚರು, ಕಥೆ ಚೆನ್ನಾಗಿ ಕೇಳುತ್ತಾಳೆ. "ಪಾಪದ ನಾಗಪ್ಪನ್ನ ಬಿಡಿಸ್ಕೊಂಡು ಬರೋದು ಹೆಂಗಂತೆ?" ಅಂತ ಕೇಳಿದಳು. ಅದನ್ನು ನಾನು ಡಾಕ್ಟರ ಹತ್ತಿರ ಕೇಳಲೇ ಇಲ್ಲ.

30 ಮೇ, ಮಂಗಳವಾರ

ತಲೆ ಕೆಟ್ಟಿದೆ. ಇಷ್ಟು ವರ್ಷ ಇದು ಅಂಟುವುದಿಲ್ಲ ಅಂತ ಅರ್ಧ ನಂಬಿದ್ದೆ. ಈಗ ಕ್ರಿಮಿ ಅನ್ನುತ್ತಾರೆ. ಕ್ರಿಮಿ ಅಂದ ಮೇಲೆ ಅಂಟಲೇಬೇಕಲ್ಲ? ಆರೋಗ್ಯ ಇಲಾಖೆಯವರ ಎಷ್ಟು ಪ್ರಚಾರ ಮಾಡಿದ್ದೇನೆ ನಾನೇ! ಕೈ ತೊಳೆಯಿರಿ, ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯಿರಿ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸಬೇಡಿ.

ನನ್ನ ಟವೆಲು, ಚೊಂಬು, ಬಾಚಣಿಗೆ ಮೊದಲೇ ಬೇರೆ. ಇವತ್ತಿನಿಂದ ತಟ್ಟೆ ಲೋಟಗಳನ್ನೂ ಬೇರೆ ಇಟ್ಟುಕೊಂಡೆ. ನಾನೇ ತೊಳೆದು ಹಿತ್ತಿಲ ಕಿಟಕಿಯ ಮೇಲೆ ಕವುಚಿಡುತ್ತೇನೆ. ನಯನ ನೋಡಿದಳು.

14 ಜೂನ್, ಬುಧವಾರ

ನಿಶ್ಚಿತಾಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದಾಯಿತು. ಅಪ್ಪನೇ ಕೈ ಹಿಡಿದುಕೊಂಡು ಬರಬೇಕು ಅಂತ ಹಟ ಮಾಡಿದಳು. ನನಗೆ ಶೃಂಗೇರಿಯಲ್ಲಿ ಕೆಲಸ ಇದೆ ಅಂದೆ. ಕೆಲಸ ಇದ್ದದ್ದು ಮಧ್ಯಾಹ್ನದ ಮೇಲೆ.

ರಕ್ತದ ರಿಪೋರ್ಟು ಬಂತು. ಗಂಟಲಿನ ಬ್ಯಾಕ್ಟೀರಿಯಾ ಬಂದು ಹೋದ ಗುರುತು ರಕ್ತದಲ್ಲಿ ಜಾಸ್ತಿಯೇ ಇದೆಯಂತೆ. "ಹಂಗಾದ್ರೆ ಇದೇ ಕಾರಣ ಅಂತ ಆಯ್ತಲ್ಲ ಮೇಡಂ?" ಅಂದೆ. "ಆಯ್ತು ಅಂತ ಹೇಳಕ್ಕಾಗಲ್ಲ. ಸೋರಿಯಾಸಿಸ್ ಇಲ್ಲದ ಎಷ್ಟೋ ಜನಕ್ಕೂ ಇಷ್ಟೇ ಇರ್ತದೆ" ಅಂದರು. ಇವರ ಹತ್ತಿರ ಹೌದು ಅನ್ನುವ ಮಾತೇ ಇಲ್ಲ. ಇಲ್ಲ ಅನ್ನುವ ಮಾತೂ ಇಲ್ಲ.

ಕೆರೆಕಟ್ಟೆಯಿಂದ ಸೀತಕ್ಕ ಬಂದಿದ್ದಾರೆ. ಅಪ್ಪನ ಅಕ್ಕ, ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವರು. ಅವರಿಗೆ ಹೇಳಿದೆ.

"ಗಂಟಲಿಗೂ ಮೊಣಕೈಗೂ ಎಂತ ಸಂಬಂಧನಾ ಮಗಾ? ಇದು ನಂಜು. ಬದನೆಕಾಯಿ ತಿಂದ್ಯಾ?"

"ತಿನ್ನದೆ ಏಳು ವರ್ಷ ಆಯ್ತು ಅತ್ತೆ, ನೀವೇ ಹೇಳಿದ್ದಲ್ವಾ."

"ಒಣಮೀನು?"

"ಅದೂ ಬಿಟ್ಟಿದೀನಿ."

"ಹಂಗಾರೆ ನಾಗನ ದೋಷವೇ ಸೈ. ಒಂದು ಸೇವೆ ಮಾಡ್ಸಿ ಬಿಡು."

ಅವರು ಹೇಳುವುದೂ ಸುಳ್ಳು ಅನ್ನುವಂತಿಲ್ಲ. ಡಾಕ್ಟರ ಹತ್ತಿರ ಕಾಣದ ಕ್ರಿಮಿ. ಇವರ ಹತ್ತಿರ ಕಾಣದ ನಾಗ. ಡಾಕ್ಟರು ಇರಬಹುದು ಅನ್ನುತ್ತಾರೆ, ಇವರು ಸೈ ಅನ್ನುತ್ತಾರೆ. ಯಾವುದಕ್ಕೂ ಇರಲಿ ಅಂತ ಸೇವೆಗೂ ಹೇಳಿಕೊಂಡೆ.

26 ಜೂನ್, ಸೋಮವಾರ

ಮಳೆ ಹಿಡಿದಿದೆ. ಶೃಂಗೇರಿಯಲ್ಲಿ ಬಟ್ಟೆ ಅಂಗಡಿಯವರ ಪ್ರಚಾರದ ಮಧ್ಯೆ ಧ್ವನಿ ಒಡೆಯಿತು. "ಆಕರ್ಷಕ ರಿಯಾಯಿತಿ" ಎನ್ನುವುದರ ಅರ್ಧಕ್ಕೆ ಗಾಳಿ ಮಾತ್ರ ಹೊರಗೆ ಬಂತು. ಮೈ ಬಿಸಿ, ನುಂಗಿದರೆ ಮುಳ್ಳು. ಧರ್ಮೇಶ್ ಸೀದಾ ಬಾಳಗಡಿಗೆ ಕರೆದುಕೊಂಡು ಹೋದ. ಮೇಡಂ ಹತ್ತಿ ಸುತ್ತಿದ ಬತ್ತಿಯಂಥ ಕಡ್ಡಿಯಿಂದ ಗಂಟಲು ಒರೆಸಿ ಪರೀಕ್ಷೆಗೆ ಕಳಿಸಿದರು, ಮಾತ್ರೆ ಕೊಟ್ಟರು. ಗಂಟಲು ಸರಿಯಾದರೂ ಮಾತ್ರೆ ನಿಲ್ಲಿಸಬೇಡಿ, ಪೂರ್ತಿ ಮುಗಿಸಿ ಅಂದರು.

ಇನ್ನು ಕಾಯುವುದು. ಮೈಮೇಲೆ ಹೆಚ್ಚಾದರೆ ಅವರು ಹೇಳಿದ್ದು ಸರಿ. ಆಗದಿದ್ದರೆ ನನಗೆ ಒಳ್ಳೆಯದು. ಯಾವುದು ಆಗಲಿ ಅಂತ ಬಯಸುತ್ತಿದ್ದೇನೆ ಅನ್ನುವುದೇ ಗೊತ್ತಾಗುತ್ತಿಲ್ಲ.

12 ಜುಲೈ, ಬುಧವಾರ

ಅವರು ಹೇಳಿದ್ದು ಸರಿ.

ಹೊಟ್ಟೆ, ತೊಡೆ, ತೋಳಿನ ತುಂಬ ಕೆಂಪು ಹನಿ. ಯಾರೋ ಕುಂಕುಮದ ನೀರು ಚಿಮುಕಿಸಿದ ಹಾಗೆ. ಹಳೆಯ ಕಲೆಗಳೂ ಉಬ್ಬಿವೆ. ಕೊರಳ ಮೇಲೂ ಬಂದಿದೆ, ಅಂಗಿಯ ಕಾಲರಿಗೆ ಸಿಗುವುದಿಲ್ಲ. ಮಫ್ಲರು ಸುತ್ತಿಕೊಂಡೆ. ಮಳೆಗಾಲವಾದ್ದರಿಂದ ಯಾರೂ ಕೇಳಲಿಲ್ಲ.

ಮಾತ್ರೆ ತಪ್ಪದೆ ನುಂಗಿದ್ದೆನಲ್ಲ? ಹಾಗಿದ್ದರೂ ಯಾಕೆ ಬಂತು? "ಕಳ್ಳ ಸಿಕ್ಕಿದ ಮೇಲೂ ಪೊಲೀಸರು ವಾಪಸು ಹೋಗ್ಲಿಲ್ಲ" ಅಂದರು ಮೇಡಂ, ತಾವೇ ಬೇಜಾರು ಮಾಡಿಕೊಂಡು.

ನಿಶ್ಚಿತಾ ಸ್ಲೇಟು ತೋರಿಸಲು ಬಂದು ತೊಡೆಗೆ ಒರಗಿಕೊಂಡಳು. ದೂರ ನಿಂತು ತೋರಿಸು ಅಂದೆ. ದೂರದಿಂದ ಕಾಣುವಷ್ಟು ದೊಡ್ಡದಾಗಿ 'ಅ' ಬರೆದು ತಂದಳು.

15 ಜುಲೈ, ಶನಿವಾರ

ಕೆಲಸಕ್ಕೆ ಹೋಗಲಿಲ್ಲ. ತುರಿಕೆ.

3 ಆಗಸ್ಟ್, ಗುರುವಾರ

ಬೆಳಗ್ಗೆ ಹನ್ನೊಂದರ ಸುಮಾರಿಗೆ ಶಾಲೆಯಿಂದ ಹೇಳಿ ಕಳಿಸಿದರು, ಮಗುವಿಗೆ ಜ್ವರ ಅಂತ. ನಯನ ಅಂಗನವಾಡಿಯ ಮೀಟಿಂಗಿಗೆ ಹೋಗಿದ್ದಳು. ಧರ್ಮೇಶನ ಗಾಡಿ ಗ್ಯಾರೇಜಿನಲ್ಲಿ. ಓಡಿದೆ. ನಿಶ್ಚಿತಾ ಶಾಲೆಯ ಜಗಲಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಮುಟ್ಟಿದರೆ ಕೆಂಡ. "ಗಂಟಲು ನೋವಪ್ಪಾ" ಅಂದಳು.

ಎತ್ತಿಕೊಂಡು ನಡೆದೆ. ಮಳೆ ಹೊಡೆಯುತ್ತಿತ್ತು, ಆಟೋ ಸಿಗಲಿಲ್ಲ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಅವಳು. ಅಂಗಿಯ ತೋಳು ಒದ್ದೆಯಾಗಿ ಅವಳಿಗೆ ಚಳಿಯಾಗುತ್ತದೆ ಅಂತ ಮೇಲಕ್ಕೆ ಮಡಚಿಕೊಂಡೆ. ಕೆನ್ನೆಯನ್ನು ನನ್ನ ಕೊರಳಿಗೆ ಒತ್ತಿಕೊಂಡು ಮಲಗಿದಳು. ಅವಳ ಉಸಿರು ಬಿಸಿಯಾಗಿ ಕಿವಿಗೆ ಬಡಿಯುತ್ತಿತ್ತು. ಆರು ವರ್ಷಕ್ಕೆ ಇಷ್ಟು ಭಾರ ಇರುತ್ತಾಳೆ ಅಂತ ಗೊತ್ತಿರಲಿಲ್ಲ.

ಚರ್ಮದ ಡಾಕ್ಟರ ಹತ್ತಿರ ಜ್ವರದ ಮಗುವನ್ನು ಯಾಕೆ ಕರೆದುಕೊಂಡು ಹೋದೆನೋ, ಕಾಲು ಅಲ್ಲಿಗೇ ಹೋದವು. ಅರ್ಪಣಾ ಮೇಡಂ ಬಾಯಿ ತೆಗೆಸಿ ನೋಡಿದರು. ಅದೇ ಗಂಟಲು. ಕೆಂಪು, ಮೇಲೆ ಬಿಳಿ ಚುಕ್ಕೆ. ನನ್ನದೇ ಗಂಟಲನ್ನು ಚಿಕ್ಕದು ಮಾಡಿ ಇಟ್ಟ ಹಾಗೆ. ನನಗೆ ಅಳು ಬಂತು.

"ನನ್ನಿಂದಲೇ ಬಂತಲ್ವಾ ಮೇಡಂ? ಅದಕ್ಕೇ ನಾನು ಮುಟ್ತಿರ್ಲಿಲ್ಲ."

"ಶಾಲೆ ಶುರುವಾದ ಮೇಲೆ ಈ ಗಂಟಲು ಎಷ್ಟು ಮಕ್ಕಳಿಗೆ ಬಂದಿದೆ ಗೊತ್ತಾ? ಯಾರಿಂದ ಯಾರಿಗೆ ಅಂತ ಹೇಳೋದು ಹೆಂಗೆ? ಜೂನಿನಲ್ಲಿ ಇವಳೇ ಶಾಲೆಯಿಂದ ತಂದು ನಿಮಗೆ ಕೊಟ್ಟಿರ್ಬಹುದು."

"ಇನ್ನು ಇವಳಿಗೂ ಮೈಮೇಲೆ..."

"ಗೊತ್ತಿಲ್ಲ. ಹೆಚ್ಚಿನವರಿಗೆ ಬರೋದಿಲ್ಲ. ಮಾತ್ರೆ ಪೂರ್ತಿ ಕೊಡಿ."

ಮನೆಗೆ ಬಂದು ಮಲಗಿಸಿದೆ. ಅಂಗಿ ಹಿಡಿದುಕೊಂಡಿದ್ದಳು, ಬಿಡಿಸಿಕೊಂಡರೆ ಎಚ್ಚರವಾಗುತ್ತದೆ ಅಂತ ಪಕ್ಕದಲ್ಲೇ ಇದ್ದೆ. ನಯನ ಬಂದವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಮಗುವಿಗೆ ಗಂಜಿ ಮಾಡು ಅಂದೆ.

5 ಆಗಸ್ಟ್, ಶನಿವಾರ

ಜ್ವರ ಇಳಿದಿದೆ. ಅಪ್ಪನ ತಟ್ಟೆಯಲ್ಲೇ ಉಣ್ಣುತ್ತೇನೆ ಅಂತ ಹಟ ಮಾಡಿದಳು. ಉಣಿಸಿದೆ. ಎರಡು ದಿನದಿಂದ ಏನೂ ತಿಂದಿರಲಿಲ್ಲ.

28 ಆಗಸ್ಟ್, ಸೋಮವಾರ

ದಿನಾ ಬೆಳಗ್ಗೆ ನಿಶ್ಚಿತಾಳ ಮೊಣಕೈ, ಮೊಣಕಾಲು, ಬೆನ್ನು ನೋಡುತ್ತಿದ್ದೇನೆ. ಅವಳಿಗೆ ಇದೊಂದು ಆಟವಾಗಿದೆ. ಕರೆಯುವ ಮುಂಚೆಯೇ ಬಂದು ತಿರುಗಿ ನಿಲ್ಲುತ್ತಾಳೆ. ಒಂದು ಸೊಳ್ಳೆ ಕಚ್ಚಿದ ಗುರುತು ನೋಡಿ ಅರ್ಧ ದಿನ ಊಟ ಸೇರಲಿಲ್ಲ ನನಗೆ. ಆದರೆ ಏನೂ ಬಂದಿಲ್ಲ. ಸಾಫಾಗಿದೆ ಮೈ.

ಒಂದೇ ಮನೆ, ಒಂದೇ ಬ್ಯಾಕ್ಟೀರಿಯಾ, ಒಂದೇ ಮಾತ್ರೆ. ನನ್ನ ಮೈಮೇಲೆ ಹನಿ ಎದ್ದವು, ಅವಳಿಗೆ ಏನೂ ಆಗಲಿಲ್ಲ. ಹಾಗಾದರೆ ಕಾರಣ ಕ್ರಿಮಿಯಾ, ನಾನಾ? ಮೇಡಂ ಹತ್ತಿರ ಕೇಳಿದೆ. ಎರಡೂ ಅಂದರು.

ಇವತ್ತು ಹೊಸ ಮಾತೊಂದು ಹೇಳಿದರು. ಪ್ರತಿ ಸಲವೂ ಗಂಟಲಿನ ಹಿಂದೆಯೇ ಮೈಮೇಲೆ ಬರುತ್ತಿದ್ದರೆ, ಟಾನ್ಸಿಲ್ ತೆಗೆಸಿದ ಮೇಲೆ ಕೆಲವರಿಗೆ ಚರ್ಮದ ಕಾಯಿಲೆ ಕಡಿಮೆಯಾದದ್ದುಂಟಂತೆ. ಕೆಲವರಿಗೆ ಆಗಿಲ್ಲವಂತೆ. ಶಿವಮೊಗ್ಗದ ಗಂಟಲಿನ ಡಾಕ್ಟರಿಗೆ ತೋರಿಸಿ ನೋಡಿ ಅಂದರು.

"ಧ್ವನಿ?"

"ಸಾಮಾನ್ಯವಾಗಿ ಏನಾಗೋದಿಲ್ಲ. ಸ್ವಲ್ಪ ಬದಲಾಗಲೂಬಹುದು. ನಿಮ್ಮ ಕೆಲಸ ಅದೇ ಆದ್ದರಿಂದ ನಾನು ಮಾಡ್ಸಿ ಅಂತ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

10 ಸೆಪ್ಟೆಂಬರ್, ಭಾನುವಾರ

ಯಾರನ್ನು ಕೇಳಿದರೂ ಒಂದೊಂದು ಹೇಳುತ್ತಾರೆ. ಸೀತಕ್ಕ ಫೋನಿನಲ್ಲಿ, "ಸೇವೆ ಮಾಡ್ಸಿದೀಯಲ್ಲ, ಗಂಟಲಿಗೆ ಕತ್ತಿ ಹಾಕ್ಸದು ಬ್ಯಾಡ" ಅಂದರು. ಧರ್ಮೇಶನ ಮುಖ ಸಪ್ಪಗಾಯಿತು. ಅವನ ಸಂಸಾರವೂ ನನ್ನ ಗಂಟಲಿನ ಮೇಲೆಯೇ ನಡೆಯುತ್ತಿದೆ. ಕೊನೆಗೆ, "ಅಣ್ಣ, ನಿಮ್ಮ ಧ್ವನಿ ಬಿಟ್ರೆ ನಮ್ಮ ಗಾಡಿ ಬರೀ ಓಮ್ನಿ" ಅಂದ.

ಮೈ ಹೋಗಲಿ, ಅದು ನನಗೆ ಮಾತ್ರ ಕಾಣುವುದು. ಧ್ವನಿ ಊರಿಗೆಲ್ಲ ಕೇಳುವುದು. ನನ್ನದು ಅಂತ ಹೇಳಿಕೊಳ್ಳುವ ಹಾಗಿರುವುದು ಅದೊಂದೇ. ಅದನ್ನು ಒತ್ತೆಯಿಟ್ಟು ಏನು ತರುವುದು? ಕಡಿಮೆಯಾಗಬಹುದು ಅನ್ನುವ ಒಂದು ಮಾತು.

ನಯನಳಿಗೆ ಹೇಳಿದೆ: "ನಿಂಗೋಸ್ಕರ ಮಾಡ್ಸಿಕೊಳ್ತೀನಿ. ನೀನಾದ್ರೂ ಎಷ್ಟು ವರ್ಷ ಅಂತ ಸಹಿಸ್ತೀಯ."

ಬೆಂಡೆಕಾಯಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ನಾನೆಂತ ಸಹಿಸಿದೆ? ನೀವು ಸಹಿಸೋಕೆ ಬಿಟ್ರೆ ತಾನೆ. ಟವೆಲು ಬೇರೆ, ತಟ್ಟೆ ಬೇರೆ, ಮುಲಾಮು ಬೆನ್ನಿಗೆ ಎಟುಕದಿದ್ರೂ ನನ್ನ ಹತ್ರ ಹಚ್ಚು ಅನ್ನಲ್ಲ. ಇಷ್ಟು ವರ್ಷದಿಂದ ನನ್ನ ಒಂದು ಮಾತು ಕೇಳ್ದೆ ನನ್ನ ಕಾಪಾಡ್ತಾ ಇದೀರಿ. ಮಾಡ್ಸಿಕೊಳ್ಳಿ, ಬಿಡಿ, ನಿಮ್ಮ ಗಂಟಲು. ನಂಗೋಸ್ಕರ ಅಂತ ಮಾತ್ರ ಹೇಳ್ಬೇಡಿ."

ಅವಳಿಗೆ ಯಾಕೆ ಸಿಟ್ಟು ಬಂತೋ. ಒಳ್ಳೆಯದಕ್ಕೇ ಹೇಳಿದ್ದೆ.

ಸಂಜೆ ಮುಲಾಮಿನ ಡಬ್ಬಿ ಕೊಟ್ಟು ಬೆನ್ನು ತಿರುಗಿಸಿ ಕೂತೆ. ಹಚ್ಚಿದಳು. ಎಟುಕದ ಜಾಗ ಅವಳು ಹೇಳಿದ್ದಕ್ಕಿಂತ ಹೆಚ್ಚೇ ಇದ್ದವು.

9 ಅಕ್ಟೋಬರ್, ಸೋಮವಾರ

ಶೃಂಗೇರಿಯಲ್ಲಿ ನವರಾತ್ರಿಯ ಕೆಲಸ ಮುಗಿಯುತ್ತಿದ್ದ ಹಾಗೆ ಮತ್ತೆ ಗಂಟಲು. ಮತ್ತೆ ಮಾತ್ರೆ. ಮತ್ತೆ ಕಾಯಬೇಕು, ಯಾವಾಗ ಹನಿ ಏಳುತ್ತವೆ ಅಂತ. ಹೀಗೆ ಕಾಯುವುದು ಸಾಕಾಗಿದೆ. ಮಾಡಿಸುವುದು ಅಂತ ತೀರ್ಮಾನಿಸಿದೆ. ಬೆಳಗ್ಗೆ ತೀರ್ಮಾನಿಸಿ, ಮಧ್ಯಾಹ್ನ ಬೇಡ ಅನ್ನಿಸಿ, ಸಂಜೆ ಶಿವಮೊಗ್ಗಕ್ಕೆ ಫೋನು ಮಾಡಿ ದಿನ ಕೇಳಿದೆ.

17 ನವೆಂಬರ್, ಶುಕ್ರವಾರ. ಶಿವಮೊಗ್ಗ

ಆಯಿತು. ಮಾತಾಡುವ ಹಾಗಿಲ್ಲ. ನೀರು ಕುಡಿದರೆ ಕಿವಿಯವರೆಗೆ ಉರಿ. ಟಾನ್ಸಿಲ್ಲನ್ನು ಬಾಟಲಿಯಲ್ಲಿ ತೋರಿಸಿದರು. ಇಷ್ಟು ಸಣ್ಣ ಮಾಂಸದ ಚೂರು. ಇದೇನಾ, ಅಲ್ಲವಾ? ಕೇಳಲು ಬಾಯಿಲ್ಲ.

ನಯನ ಐಸ್‌ಕ್ರೀಮು ತಂದುಕೊಟ್ಟಳು. ಅರ್ಧ ನಾನು ತಿಂದೆ, ಅದೇ ಚಮಚದಲ್ಲಿ ಉಳಿದದ್ದು ಅವಳು.

28 ನವೆಂಬರ್, ಮಂಗಳವಾರ

ಇನ್ನೂ ಕೂಗಬಾರದು ಅಂದಿದ್ದಾರೆ. ಪಿಸುಗುಟ್ಟಲೂ ಬಾರದಂತೆ. ಹೊಸ ಬೇಕರಿಯವರ ಪ್ರಚಾರ ಮೊದಲೇ ಒಪ್ಪಿಕೊಂಡದ್ದು. ಏನು ಮಾಡುವುದು ಅಂತ ಧರ್ಮೇಶ್ ಬಂದು ಕೂತ. ನಯನ ಒಲೆಯ ಮುಂದಿನಿಂದಲೇ, "ನಾನು ಕೂಗಿದ್ರೆ ಆಗದಿಲ್ವಾ?" ಅಂದಳು. ಧರ್ಮೇಶ್ ನನ್ನ ಮುಖ ನೋಡಿದ. ನಾನು ಬೇಡ ಅಂತ ಕೈ ಆಡಿಸಿದೆ. ಇಬ್ಬರೂ ನೋಡದವರ ಹಾಗೆ ಹೊರಟರು.

ಜಗಲಿಯಲ್ಲಿ ಕೂತು ಕೇಳಿದೆ. ಮೊದಲು ತುಂಬ ಗಟ್ಟಿ ಬಂತು, ಮೈಕನ್ನು ಬಾಯಿಗೆ ಹತ್ತಿರ ಹಿಡಿದಿರಬೇಕು. ಆಮೇಲೆ ಸರಿಯಾಯಿತು. ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಳು. ಕೆಟ್ಟದಾಗಿರಲಿಲ್ಲ. ನನಗಿಂತ ನಿಧಾನ. ನಮ್ಮ ರಸ್ತೆಯಲ್ಲೂ ಹಾದು ಹೋದರು. ಕಪ್ಪು ಗಾಜನ್ನು ಪೂರ್ತಿ ಸರಿಸಿ, ಕೈ ಹೊರಗಿಟ್ಟುಕೊಂಡು ಕೂತಿದ್ದಳು. ಜನರ ಮುಖ ಕಾಣದೆ ಹೇಗೆ ಮಾತಾಡುವುದು ಅಂತ ಆಮೇಲೆ ನನ್ನನ್ನೇ ಕೇಳಿದಳು.

ನಿಶ್ಚಿತಾ ರಸ್ತೆಗೆ ಓಡಿ, "ಅದು ನನ್ನಮ್ಮ!" ಅಂತ ಕೂಗಿ ಹೇಳಿದಳು. ನಾನು ಹೋಗುವಾಗ ಯಾವತ್ತೂ ಹಾಗೆ ಕೂಗಿದ್ದು ನೆನಪಿಲ್ಲ. ಗಾಜು ಮುಚ್ಚಿರುತ್ತಿತ್ತಲ್ಲ, ನನಗೆ ಕೇಳಿಸಿಲ್ಲವೋ ಏನೋ.

24 ಜನವರಿ 2007, ಬುಧವಾರ

ಕೆಲಸಕ್ಕೆ ಹೋಗಲು ಶುರು ಮಾಡಿ ಕೆಲವು ದಿನವಾಯಿತು. ಧ್ವನಿ ಇದೆ. ಮೊದಲಿನದಲ್ಲ. ಸ್ವಲ್ಪ ತಗ್ಗಿದೆ ಅಂತ ನನಗೆ ಅನ್ನಿಸುತ್ತದೆ. ಇಲ್ಲ ಅನ್ನುತ್ತಾನೆ ಧರ್ಮೇಶ್. ನರಸಿಂಹರಾಜಪುರದ ಹೋಟೆಲಿನವನು ಮಾತ್ರ, "ಯಾರು ಹೊಸಬರಾ?" ಅಂತ ಕೇಳಿದ. ಬೇಜಾರಾಯಿತು. ನಾನೇ ಅಂತ ಇಳಿದು ಹೋಗಿ ಹೇಳಿ, ಕಾಫಿ ಕುಡಿದು ಬಂದೆ.

ಮೈ? ಹೊಟ್ಟೆಯ ಮೇಲಿನ ಹನಿಗಳು ಮಾಸಿವೆ. ಬೆನ್ನು ಅರ್ಧ ಖಾಲಿ ಅನ್ನುತ್ತಾಳೆ ನಯನ. ಮೊಣಕೈ ಮೊದಲಿನ ಹಾಗೇ ಇದೆ. ಟಾನ್ಸಿಲ್ ತೆಗೆದದ್ದಕ್ಕಾ, ಕಪ್ಪು ಮುಲಾಮಿಗಾ, ಸೀತಕ್ಕನ ಸೇವೆಗಾ, ಗೊತ್ತಿಲ್ಲ. "ಇನ್ನೊಂದು ಮಳೆಗಾಲ ಕಳೀಲಿ, ಆಮೇಲೆ ಹೇಳ್ತೀನಿ" ಅಂದರು ಮೇಡಂ. ಸೀತಕ್ಕ ಈಗಲೇ ಹೇಳಿಯಾಯಿತು, ನಾಗನ ದಯೆ ಅಂತ.

8 ಫೆಬ್ರವರಿ, ಗುರುವಾರ

ಬಸರೀಕಟ್ಟೆಯಲ್ಲಿ ಕಣ್ಣಿನ ಶಿಬಿರದ ಪ್ರಚಾರ. ಸೆಕೆ ಶುರುವಾಗಿದೆ. ಹೋಟೆಲಿನ ಎದುರಿಗೆ ಗಾಡಿ ನಿಲ್ಲಿಸಿ, ಬೆಂಚಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದೆವು. ಎಸ್ಟೇಟಿಗೆ ಹೋಗುವ ಜೀಪಿಗೆ ಕಾಯುತ್ತಿದ್ದವರಲ್ಲಿ ಒಬ್ಬ ನನ್ನನ್ನೇ ನೋಡುತ್ತಿದ್ದ. ನನ್ನ ಕೈಯನ್ನು. ಕೊನೆಗೆ ಹತ್ತಿರ ಬಂದ. ತಿಮ್ಮಪ್ಪ ಅಂತ, ಕಾಫಿ ತೋಟದ ಕೆಲಸದವನು. ಸುಡುಬಿಸಿಲಿನಲ್ಲೂ ಸ್ವೆಟರು ಹಾಕಿದ್ದ.

"ನಿಮ್ಮ ಮೊಣಕೈಯಾಗೆ ಎಂತದಣ್ಣ ಅದು?"

"ಸೋರಿಯಾಸಿಸ್ ಅಂತ."

ಸುತ್ತ ನೋಡಿ, ಸ್ವೆಟರಿನ ತೋಳು ಸ್ವಲ್ಪ ಮೇಲೆ ಮಾಡಿ, ಕೂಡಲೇ ಇಳಿಸಿಕೊಂಡ. "ಸರಿಯಾಗಿ ತೋರ್ಸು ಮಾರಾಯ, ಹಿಂಗೆ ಕಂಡ್ರೆ ಎಂತ ಗೊತ್ತಾಗ್ತದೆ" ಅಂದು ಅವನ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. ಹೌದು. ಅದೇ.

"ಮುಟ್ಬೇಡಿ ಅಣ್ಣ, ಮನೇಲಿ ಯಾರೂ ಮುಟ್ಟದಿಲ್ಲ."

"ಇದು ಅಂಟೂದಿಲ್ಲ. ಈ ಹನಿ ಏಳೋ ಮುಂಚೆ ಗಂಟಲು ನೋವು ಬಂದಿತ್ತಾ?"

"ಗಂಟಲಾ? ಗಂಟಲಿಗೂ ಇದಕ್ಕೂ ಎಂತ ಸಂಬಂಧ?"

ನಾಗಪ್ಪನ ಕಥೆ ಹೇಳಲು ಹೊರಟೆ. ಅರ್ಧದಲ್ಲಿ ಯಾವ ನಾಗಪ್ಪ ಕಳ್ಳ, ಯಾವ ನಾಗಪ್ಪ ಪಾಪದವನು ಅನ್ನುವುದು ನನಗೇ ಕಲಸಿ ಹೋಯಿತು. ಧರ್ಮೇಶ್ ನಕ್ಕ. ಬಾಯಿ ತೆಗೆ ಅಂತ ಹೇಳಿ, ಗಾಡಿಯಿಂದ ಟಾರ್ಚು ತರಿಸಿ ನೋಡಿದೆ.

"ಎಂತ ಕಾಣ್ತದಣ್ಣ?"

"ನಂಗೆಂತ ಗೊತ್ತಾಗ್ತದೆ ಮಾರಾಯ. ಕೆಂಪಗಿದೆ. ಬಾಳಗಡಿಯಲ್ಲಿ ಡಾಕ್ಟರಮ್ಮ ಇದಾರೆ, ಅವರು ನೋಡ್ಬೇಕು. ನಾವು ಆ ಕಡೆಗೇ ಹೋಗ್ತಿರದು, ಬಾ."

"ಗುಣ ಆಗ್ತದಾ?"

ಆಗ್ತದೆ ಅಂತ ಹೇಳಬೇಕು ಅನ್ನಿಸಿತು. ಮೈಕು ಕೈಯಲ್ಲಿದ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

"ಗೊತ್ತಿಲ್ಲ ಕಣಾ" ಅಂದೆ. "ನಂಗೆ ಸ್ವಲ್ಪ ಕಡಿಮೆ ಆಗಿದೆ."

ಅವನು ಜೀಪಿನ ಕಡೆ ಒಮ್ಮೆ ನೋಡಿ, ಓಮ್ನಿ ಹತ್ತಿದ. ಹಿಂದಿನ ಸೀಟಿನಲ್ಲಿ ಅರ್ಧ ಜಾಗವನ್ನು ಆಂಪ್ಲಿಫೈಯರೂ ಬ್ಯಾಟರಿಯೂ ಹಿಡಿದಿವೆ. ಉಳಿದರ್ಧದಲ್ಲಿ ಇಬ್ಬರೂ ಒತ್ತಿಕೊಂಡು ಕೂತೆವು. ಬಾಳಗಡಿ ಮುಟ್ಟುವವರೆಗೂ ಅವನ ತಲೆ ನನ್ನ ಭುಜದ ಮೇಲೆ. ನಿದ್ದೆ ಮಾಡಿಬಿಟ್ಟಿದ್ದ. ಆ ರಸ್ತೆ ಪೂರ್ತಿ ಹಾಳಾಗಿದೆ, ಸೊಂಟ ಇನ್ನೂ ನೋಯುತ್ತಿದೆ.